ಕಳೆದುಹೋದ ಬೆರಳಿಗೆ ಬೆಲೆ ಕಟ್ಟುವವರು ಯಾರು?

ಸೂರತ್ ನಗರದ ದಕ್ಷಿಣಕ್ಕೆ, ಉಧನಾ ದಾಟಿ ಭೇಸ್ತಾನ್ ಕಡೆಗೆ ಸಾಗುವಾಗ ಎದುರಾಗುವ ಪಾಂಡೇಸರಾ ಜಿಐಡಿಸಿ ಎಂದರೆ ಬಟ್ಟೆಗೆ ಬಣ್ಣ ಕೊಡುವ, ಅಚ್ಚು ಹಾಕುವ ಮಿಲ್ಲುಗಳ ಲೋಕ. ಮದುವೆ ಮುಂಜಿಗೆಂದು ಊರಿನ ಅಂಗಡಿಯಲ್ಲಿ ಕೊಳ್ಳುವ ಎಷ್ಟೋ ಸಿಂಥೆಟಿಕ್ ಸೀರೆಗಳು ಇಂಥ ಮಿಲ್ಲುಗಳ ಬಿಸಿ ಹಬೆಯಲ್ಲಿ ಬೆಂದು ಹೊರಬಂದಂಥವು. ಒಡಿಶಾ, ಉತ್ತರ ಪ್ರದೇಶ, ಬಿಹಾರ, ಮಹಾರಾಷ್ಟ್ರದ ಖಾನ್‌ದೇಶ ಹೀಗೆ ಎಲ್ಲೆಲ್ಲಿಂದಲೋ ಬಂದವರು ಇಲ್ಲಿ ಹಗಲು ರಾತ್ರಿ ಪಾಳಿಗಳಲ್ಲಿ ದುಡಿಯುತ್ತಾರೆ. ಕನ್ನಡಿಗರು ಇವರ ನಡುವೆ ಅಲ್ಲೊಬ್ಬ, ಇಲ್ಲೊಬ್ಬ. ಮಿಲ್ಲಿನಲ್ಲಿ ಯಂತ್ರದ ಮುಂದೆ ನಿಲ್ಲುವವರು, ಲೆಕ್ಕ ಬರೆಯುವವರು, ಹೋಟೆಲು ಕ್ಯಾಂಟೀನುಗಳ ಅಡುಗೆ ಮನೆಯಲ್ಲಿ ಬೆವರು ಸುರಿಸುವವರು.

ಸಂಖ್ಯೆ ಕಡಿಮೆ ಇರುವುದು ಸುಖದ ದಿನಗಳಲ್ಲಿ ಗೊತ್ತಾಗುವುದಿಲ್ಲ. ಗೊತ್ತಾಗುವುದು ಆಸ್ಪತ್ರೆಯ ಹಾಸಿಗೆಯ ಮೇಲೆ.

2022ರ ಜನವರಿ 6ರ ಮುಂಜಾನೆ ಪಾಂಡೇಸರಾದಿಂದ ದೂರವೇನೂ ಇಲ್ಲದ ಸಚಿನ್ ಜಿಐಡಿಸಿಯಲ್ಲಿ ಟ್ಯಾಂಕರಿನಿಂದ ನಾಲೆಗೆ ಸುರಿದ ರಾಸಾಯನಿಕದಿಂದ ಎದ್ದ ವಿಷಾನಿಲಕ್ಕೆ ಆರು ಮಂದಿ ಕಾರ್ಮಿಕರು ಬಲಿಯಾದರು. ಅಂಥ ದುರಂತ ನಡೆದಾಗ ಪತ್ರಿಕೆಗಳು ಬರೆಯುತ್ತವೆ, ಅಧಿಕಾರಿಗಳು ಧಾವಿಸುತ್ತಾರೆ, ಪರಿಹಾರದ ಮಾತು ಕೇಳಿಬರುತ್ತದೆ. ಆದರೆ ಒಬ್ಬನೇ ಒಬ್ಬನ ಬೆರಳು ರೋಲರಿಗೆ ಸಿಕ್ಕಿದರೆ, ಒಬ್ಬನ ತೋಳು ಹಬೆಗೆ ಬೆಂದರೆ, ಅದಕ್ಕೆ ಪತ್ರಿಕೆಯ ಮೂಲೆಯೂ ಸಿಗುವುದಿಲ್ಲ. ಅಂಥವನ ನಷ್ಟಕ್ಕೆ ಬೆಲೆ ಕಟ್ಟುವವರು ಯಾರು ಎಂಬುದೇ ಇಲ್ಲಿಯ ಪ್ರಶ್ನೆ.

ಹಾಸಿಗೆಯ ಬಳಿಗೆ ಬರುವ ಕಾಗದ

ಒಬ್ಬ ಯುವಕ ಎಂದುಕೊಳ್ಳಿ. ರಾಯಚೂರು ಕಡೆಯವನು, ವಯಸ್ಸು 30, ತಿಂಗಳ ಸಂಬಳ 18,000 ರೂ. 2024ರಲ್ಲಿ ಒಂದು ರಾತ್ರಿ ಪಾಳಿಯಲ್ಲಿ ಅವನ ಬಲಗೈಯ ಹೆಬ್ಬೆರಳು ಯಂತ್ರಕ್ಕೆ ಸಿಕ್ಕಿ ಹೋಯಿತು. ಠೇಕೇದಾರನೇ ಆಸ್ಪತ್ರೆಗೆ ಸೇರಿಸಿದ, ಬಿಲ್ಲನ್ನೂ ಕಟ್ಟಿದ. ಮೂರನೇ ದಿನ ಗುಜರಾತಿಯಲ್ಲಿ ಬರೆದ ಒಂದು ಛಾಪಾ ಕಾಗದ ಹಿಡಿದುಕೊಂಡು ಬಂದ. ಜೊತೆಗೆ 50,000 ರೂ. ನಗದು. ಇನ್ನು ಮುಂದೆ ಯಾವ ಬೇಡಿಕೆಯೂ ಇಲ್ಲವೆಂದು ಅದರಲ್ಲಿ ಬರೆದಿದೆ. ಓದಲು ಬಾರದು. ಕೋಣೆಯ ಜೊತೆಗಾರ ಹೇಳುತ್ತಾನೆ: "ಅಣ್ಣಾ, ಸಿಕ್ಕಿದ್ದು ತಗೊಂಡುಬಿಡು. ಕೋರ್ಟು ಕಚೇರಿ ಅಂತ ಅಲೆಯೋರು ಯಾರು? ಸೇಠ್ ಒಳ್ಳೆಯವರು, ಆಸ್ಪತ್ರೆ ಖರ್ಚೂ ಕೊಟ್ಟಿದ್ದಾರೆ." ಅವನು ಎಡಗೈಯ ಹೆಬ್ಬೆರಳು ಒತ್ತಿ, ಹಣ ತೆಗೆದುಕೊಂಡು ಊರಿನ ಗಾಡಿ ಹತ್ತುತ್ತಾನೆ.

ಇದು ಊಹೆಯ ಉದಾಹರಣೆಯಾದರೂ ಹೊರನಾಡಿನಲ್ಲಿ ದುಡಿದವರಿಗೆ ಅಪರಿಚಿತವಾದ ಕಥೆಯೇನಲ್ಲ. ಇಲ್ಲಿ ಮೋಸ ಮಾಡಿದವರು ಯಾರು ಎಂದು ಕೇಳುವ ಮೊದಲು ಆ ಯುವಕನಿಗೆ ನಿಜವಾಗಿ ಎಷ್ಟು ಸಲ್ಲಬೇಕಿತ್ತು ಎಂದು ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಕಾಯ್ದೆಯ ಲೆಕ್ಕ

ಬ್ರಿಟಿಷರ ಕಾಲದಲ್ಲಿ, 1923ರಲ್ಲಿ ಬಂದ ಕಾರ್ಮಿಕ ಪರಿಹಾರ ಕಾಯ್ದೆ ಲೆಕ್ಕವನ್ನು ಸ್ಪಷ್ಟವಾಗಿ ಹಾಕಿಕೊಟ್ಟಿತ್ತು. ಕಾರ್ಮಿಕ ಸತ್ತರೆ ತಿಂಗಳ ಸಂಬಳದ ಶೇ. 50, ಪೂರ್ಣ ಅಂಗವಿಕಲನಾದರೆ ಶೇ. 60. ಅದನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. 25 ವರ್ಷಕ್ಕೆ ಈ ಅಂಕಿ 216.91, 30ಕ್ಕೆ 207.98, 40ಕ್ಕೆ 184.17. ಅಂದರೆ ವಯಸ್ಸು ಕಡಿಮೆಯಿದ್ದಷ್ಟೂ ಮುಂದೆ ದುಡಿಯಬೇಕಾಗಿದ್ದ ವರ್ಷಗಳು ಹೆಚ್ಚು, ಆದ್ದರಿಂದ ಪರಿಹಾರವೂ ಹೆಚ್ಚು. ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೆ ಮಾತ್ರ ಒಂದು ಮಿತಿ ಇತ್ತು. 2010ರಲ್ಲಿ 8,000 ರೂ. ಆದ ಆ ಮಿತಿ 2020ರ ಜನವರಿ 3ರಿಂದ 15,000 ರೂ.ಗೆ ಏರಿತು.

ಒಂದೊಂದು ಅಂಗಕ್ಕೂ ಕಾಯ್ದೆಯ ಪಟ್ಟಿಯಲ್ಲಿ ಶೇಕಡಾ ಲೆಕ್ಕವಿದೆ. ಹೆಬ್ಬೆರಳಿಗೆ 30, ತೋರುಬೆರಳು ಪೂರ್ತಿ ಹೋದರೆ 14, ಒಂದು ಕೈಯ ನಾಲ್ಕೂ ಬೆರಳಿಗೆ 50. ಈಗ ಆ ಯುವಕನ ಲೆಕ್ಕ ನೋಡಿ. 15,000ದ ಶೇ. 60 ಎಂದರೆ 9,000. ಅದನ್ನು 207.98ರಿಂದ ಗುಣಿಸಿದರೆ 18,71,820. ಅದರ ಶೇ. 30 ಎಂದರೆ 5,61,546 ರೂ. ಕೈಗೆ ಸಿಕ್ಕಿದ್ದು 50,000. ಹತ್ತರಲ್ಲಿ ಒಂದು ಪಾಲೂ ಅಲ್ಲ.

ಐದೂವರೆ ಲಕ್ಷವೆಂದರೆ ಏನು ಎಂಬುದನ್ನು ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ನಿರಖು ಠೇವಣಿಯಲ್ಲಿಟ್ಟು ಶೇ. 6ರ ಬಡ್ಡಿ ಹಿಡಿದರೂ ತಿಂಗಳಿಗೆ ಸುಮಾರು 2,800 ರೂ. ಅಸಲು ಹಾಗೆಯೇ ಉಳಿಯುತ್ತದೆ. 50,000 ರೂ. ನಗದು ಊರಿಗೆ ಹೋಗಿ ಹಳೆಯ ಸಾಲ ತೀರಿಸಿ, ನಾಲ್ಕು ಮಂದಿ ನೆಂಟರು ಬಂದು ನೋಡಿ ಹೋಗುವಷ್ಟರಲ್ಲಿ ಕರಗುತ್ತದೆ. ಬೆರಳು ಮಾತ್ರ ಮತ್ತೆ ಬೆಳೆಯುವುದಿಲ್ಲ.

ಪಟ್ಟಿಯ ಶೇಕಡಾ ಲೆಕ್ಕವೂ ಯಾವಾಗಲೂ ಕೊನೆಯ ಮಾತಲ್ಲ. 1975ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಬ್ಬ ಬಡಗಿಯ ಪ್ರಕರಣ ಬಂದಿತ್ತು. ಅವನ ಎಡಗೈಯನ್ನು ಮೊಣಕೈಯ ಮೇಲಿನಿಂದ ಕತ್ತರಿಸಬೇಕಾಗಿ ಬಂದಿತ್ತು. ಒಂದೇ ಕೈಯಿಂದ ಬಡಗಿ ಕೆಲಸ ಮಾಡಲಾಗದು, ಆದ್ದರಿಂದ ಅವನದು ಪೂರ್ಣ ಅಂಗವೈಕಲ್ಯವೇ ಎಂದು ನ್ಯಾಯಾಲಯ ತೀರ್ಮಾನಿಸಿತು. ಪರಿಹಾರದ ಹೊಣೆ ಅಪಘಾತವಾದ ದಿನದಿಂದಲೇ ಬರುತ್ತದೆ ಎಂದೂ ಹೇಳಿತು. ಹೋದ ಅಂಗ ಯಾವುದು ಎನ್ನುವುದಷ್ಟೇ ಅಲ್ಲ, ಆ ಮನುಷ್ಯ ಮಾಡುತ್ತಿದ್ದ ಕೆಲಸ ಯಾವುದು ಎನ್ನುವುದೂ ಮುಖ್ಯ.

ನಾಲ್ಕು ತಪ್ಪು ನಂಬಿಕೆಗಳು

ಮೊದಲನೆಯದು, "ತಪ್ಪು ನನ್ನದೇ, ಹಾಗಾಗಿ ಕೇಳುವ ಹಕ್ಕಿಲ್ಲ" ಎಂಬುದು. ಕೆಲಸದ ವೇಳೆ, ಕೆಲಸದ ಕಾರಣದಿಂದ ಗಾಯವಾದರೆ ಸಾಕು, ಮಾಲಕನ ತಪ್ಪನ್ನು ಸಾಬೀತು ಮಾಡಬೇಕಾಗಿಲ್ಲ. ಕುಡಿದಿದ್ದರೆ ಅಥವಾ ಬೇಕೆಂದೇ ಸುರಕ್ಷೆಯ ನಿಯಮ ಮೀರಿದ್ದರೆ ಮಾತು ಬೇರೆ. ಅಲ್ಲಿಯೂ ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯವಾದರೆ ಆ ನೆಪ ನಡೆಯುವುದಿಲ್ಲ. ನಿದ್ದೆಗಣ್ಣಿನ ಒಂದು ಕ್ಷಣದ ಅಜಾಗರೂಕತೆ ಹಕ್ಕನ್ನು ಕಸಿಯುವುದಿಲ್ಲ.

ಎರಡನೆಯದು, "ನಾನು ಠೇಕೇದಾರನ ಆಳು, ಮಿಲ್ಲಿಗೂ ನನಗೂ ಸಂಬಂಧವಿಲ್ಲ" ಎಂಬುದು. ಮಿಲ್ಲಿನ ಕೆಲಸಕ್ಕಾಗಿ ಠೇಕೇದಾರನ ಮೂಲಕ ಬಂದವನಿಗೂ ಮಿಲ್ಲಿನ ಮಾಲಕನೇ ಪರಿಹಾರ ಕೊಡಬೇಕು. ಆಮೇಲೆ ಅದನ್ನು ಠೇಕೇದಾರನಿಂದ ವಸೂಲು ಮಾಡಿಕೊಳ್ಳುವುದು ಮಾಲಕನಿಗೆ ಬಿಟ್ಟದ್ದು.

ಮೂರನೆಯದು, "ಆಸ್ಪತ್ರೆ ಖರ್ಚು ಕೊಟ್ಟಿದ್ದಾರಲ್ಲ, ಅದೇ ಪರಿಹಾರ" ಎಂಬುದು. 2009ರ ತಿದ್ದುಪಡಿಯ ಪ್ರಕಾರ ಕೆಲಸದಲ್ಲಿ ಆದ ಗಾಯದ ಚಿಕಿತ್ಸೆಯ ನಿಜವಾದ ಖರ್ಚು ಮಾಲಕನದೇ. ಅದು ಪರಿಹಾರದಿಂದ ಬೇರೆ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು: "ಸಹಿ ಹಾಕಿಬಿಟ್ಟೆ, ಎಲ್ಲ ಮುಗಿಯಿತು" ಎಂಬುದು. 1923ರ ಕಾಯ್ದೆಯಲ್ಲೇ ಇದಕ್ಕೆ ಉತ್ತರವಿತ್ತು. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರಿಗೆ ಬೆಲೆಯಿಲ್ಲ. ರಾಜಿಯಾದರೆ ಅದರ ಕರಾರನ್ನು ಪರಿಹಾರ ಆಯುಕ್ತರಿಗೆ ಕಳಿಸಿ ನೋಂದಾಯಿಸಬೇಕು. ಮೊತ್ತ ಸಾಲದು, ಅಥವಾ ಮೋಸ, ಒತ್ತಡದಿಂದ ಬರೆಸಿಕೊಂಡದ್ದು ಎಂದು ಕಂಡರೆ ಆಯುಕ್ತರು ನೋಂದಾಯಿಸಲು ನಿರಾಕರಿಸಬಹುದು. ನೋಂದಾಯಿಸದೆ ಹೋದರೆ ಮಾಲಕ ಪೂರ್ತಿ ಮೊತ್ತಕ್ಕೆ ಹೊಣೆ. ಆಯುಕ್ತರು ಬೇರೆ ಹೇಳದ ಹೊರತು, ಆಗಲೇ ಕೊಟ್ಟ ಹಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಳೆಯುವಂತೆಯೂ ಇಲ್ಲ. ಕಾರ್ಮಿಕ ಸತ್ತರಂತೂ ಪರಿಹಾರದ ಹಣವನ್ನು ಆಯುಕ್ತರಲ್ಲೇ ಠೇವಣಿ ಇಡಬೇಕು. ಹೆಂಡತಿಯ ಕೈಗೆ ನೇರವಾಗಿ ಕೊಟ್ಟದ್ದು ಪರಿಹಾರ ಎನಿಸುವುದಿಲ್ಲ. ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12ರ ಬಡ್ಡಿ, ಕಾರಣವಿಲ್ಲದೆ ತಡ ಮಾಡಿದರೆ ಅರ್ಧದಷ್ಟು ದಂಡ ಎಂದೂ ಆ ಕಾಯ್ದೆ ಹೇಳಿತ್ತು.

ಇಷ್ಟು ಗಟ್ಟಿಯಾದ ಕಾಯ್ದೆ ಇದ್ದೂ ಆಸ್ಪತ್ರೆಯ ಕಾಗದ ಗೆಲ್ಲುತ್ತಿದ್ದುದು ಏಕೆ? ಹಾಸಿಗೆಯಲ್ಲಿ ಮಲಗಿದ್ದವನಿಗೆ ಅದು ಗೊತ್ತಿರಲಿಲ್ಲ, ಗೊತ್ತಿದ್ದವರು ಅವನ ಪಕ್ಕದಲ್ಲಿ ಇರಲಿಲ್ಲ.

ಹೊಸ ಸಂಹಿತೆ, ಇ.ಎಸ್.ಐ.

2025ರ ನವೆಂಬರ್ 21ರಿಂದ 1923ರ ಕಾಯ್ದೆ ಮತ್ತು 1948ರ ಇ.ಎಸ್.ಐ. ಕಾಯ್ದೆಗಳ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಆ ದಿನಕ್ಕಿಂತ ಮೊದಲಿನ ಅಪಘಾತಗಳಿಗೆ ಹಳೆಯ ಕಾಯ್ದೆಯೇ ಅನ್ವಯ. ಸಾವಿಗೆ ಶೇ. 50, ಪೂರ್ಣ ಅಂಗವೈಕಲ್ಯಕ್ಕೆ ಶೇ. 60 ಎಂಬ ಲೆಕ್ಕದ ಕ್ರಮವೂ, ಹಕ್ಕು ಬಿಡಿಸುವ ಕರಾರಿಗೆ ಬೆಲೆಯಿಲ್ಲ ಎಂಬ ನಿಯಮವೂ ಹೊಸ ಸಂಹಿತೆಯಲ್ಲಿ ಉಳಿದಿವೆ. ಮನೆಯಿಂದ ಕೆಲಸಕ್ಕೆ ಹೋಗಿ ಬರುವಾಗ ಆಗುವ ಅಪಘಾತವೂ ಕೆಲಸದೊಂದಿಗೆ ಸಂಬಂಧವಿದ್ದರೆ ಸೇರಿದೆ. ಉಧನಾ ಸಚಿನ್ ರಸ್ತೆಯಲ್ಲಿ ರಾತ್ರಿ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಬರುವವರಿಗೆ ಇದು ಸಣ್ಣ ಮಾತಲ್ಲ.

ಇ.ಎಸ್.ಐ. ಇರುವ ಕಡೆ ದಾರಿ ಬೇರೆ. ಅಲ್ಲಿ ಮಾಲಕನಿಂದ ಒಟ್ಟು ಮೊತ್ತ ಸಿಗುವುದಿಲ್ಲ, ಇ.ಎಸ್.ಐ. ನಿಗಮದಿಂದ ತಿಂಗಳು ತಿಂಗಳು ಹಣ ಬರುತ್ತದೆ. ಎರಡನ್ನೂ ಪಡೆಯುವಂತಿಲ್ಲ. ಹತ್ತು ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆಗಳಲ್ಲಿ 21,000 ರೂ. ತನಕ ಸಂಬಳದವರಿಗೆ ಇದು ಅನ್ವಯ. 2019ರ ಜುಲೈಯಿಂದ ಕಾರ್ಮಿಕನ ಪಾಲು ಸಂಬಳದ ಶೇ. 0.75, ಮಾಲಕನದು ಶೇ. 3.25. ಮೇಲಿನ ಯುವಕ ಇ.ಎಸ್.ಐ.ಯಲ್ಲಿದ್ದು ವೈದ್ಯಕೀಯ ಮಂಡಳಿ ಶೇ. 30 ಎಂದು ಹೇಳಿದ್ದರೆ, ಸಂಬಳದ ಶೇ. 90ರ ಮೇಲೆ ಲೆಕ್ಕ ಹಾಕಿ ತಿಂಗಳಿಗೆ ಸುಮಾರು 4,860 ರೂ. ಜೀವನಪರ್ಯಂತ ಬರುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ ಈ ಹಕ್ಕು ಇದೆ. ಆದ್ದರಿಂದ "ನನ್ನ ಇ.ಎಸ್.ಐ. ನಂಬರು ಎಷ್ಟು?" ಎಂದು ಕೆಲಸಕ್ಕೆ ಸೇರಿದ ವಾರದಲ್ಲೇ ಕೇಳುವುದು ಜಾಣತನ.

ಮಂಗಳೂರು ಕಲಿಸಿದ ಪಾಠ

ಪರಿಹಾರದ ಮೊತ್ತ ಯಾವುದರ ಮೇಲೆ ನಿಲ್ಲುತ್ತದೆ ಎಂಬುದನ್ನು ಕರಾವಳಿಯ ಕುಟುಂಬಗಳು ಕಹಿಯಾಗಿ ಕಲಿತಿವೆ. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನಲ್ಲಿ ದುರಂತಕ್ಕೀಡಾಗಿ 158 ಮಂದಿ ಮಡಿದರು. ಮೃತರಲ್ಲಿ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನವರು ಬಹಳ. 2011ರಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ಕನಿಷ್ಠ 75 ಲಕ್ಷ ರೂ. ಕೊಡಬೇಕೆಂದಿತು. ಅದೇ ವರ್ಷ ವಿಭಾಗೀಯ ಪೀಠ ಆ ಆದೇಶವನ್ನು ತಳ್ಳಿಹಾಕಿತು. ಕೊನೆಗೆ 2020ರಲ್ಲಿ ಸುಪ್ರೀಂ ಕೋರ್ಟ್ ಮೃತರೊಬ್ಬರ ಕುಟುಂಬಕ್ಕೆ 7.64 ಕೋಟಿ ರೂ. ನಿಗದಿ ಮಾಡಿತು. ಸಂಬಳದ ಜೊತೆಗಿನ ಭತ್ಯೆಗಳನ್ನೂ ಆದಾಯವೆಂದೇ ಲೆಕ್ಕ ಹಿಡಿಯಬೇಕು ಎಂಬುದು ಅಲ್ಲಿಯ ಮುಖ್ಯ ವಿಚಾರವಾಗಿತ್ತು. ಅಂದರೆ ಸಂಬಳದ ಪುರಾವೆಯೇ ಪರಿಹಾರದ ಬೆನ್ನೆಲುಬು. ಬ್ಯಾಂಕಿನ ಖಾತೆಗೆ ಬೀಳುವ ಸಂಬಳಕ್ಕೂ, ಶನಿವಾರ ಲಕೋಟೆಯಲ್ಲಿ ಸಿಗುವ ನಗದಿಗೂ ಇರುವ ವ್ಯತ್ಯಾಸ ಅಪಘಾತವಾದ ದಿನ ಅರ್ಥವಾಗುತ್ತದೆ.

ಆತುರದ ರಾಜಿಯ ಬೆಲೆಯನ್ನು ಭೋಪಾಲ್ ತೋರಿಸಿದೆ. 1984ರ ಅನಿಲ ದುರಂತಕ್ಕೆ 300 ಕೋಟಿ ಡಾಲರಿಗೂ ಮಿಕ್ಕಿ ಕೇಳಿದ್ದ ಸರಕಾರ 1989ರ ಫೆಬ್ರವರಿಯಲ್ಲಿ 47 ಕೋಟಿ ಡಾಲರಿಗೆ ಒಪ್ಪಿತು. ಗಾಯಾಳುಗಳು ಎಷ್ಟು ಮಂದಿ, ಅವರ ಕಾಯಿಲೆ ಎಲ್ಲಿಯವರೆಗೆ ಎಂಬ ಲೆಕ್ಕ ಆಗ ಮುಗಿದಿರಲಿಲ್ಲ. ಇನ್ನಷ್ಟು ಹಣ ಬೇಕೆಂಬ ಕೇಂದ್ರ ಸರಕಾರದ ಅರ್ಜಿಯನ್ನು 2023ರ ಮಾರ್ಚ್ 14ರಂದು ಸುಪ್ರೀಂ ಕೋರ್ಟ್ ವಜಾ ಮಾಡಿತು. ಸರಕಾರಕ್ಕೇ ಹೀಗಾದರೆ ಪಾಂಡೇಸರಾದ ಒಂಟಿ ಕಾರ್ಮಿಕನ ಪಾಡೇನು?

ಹಾಗೆಂದು ರಾಜಿಯೇ ಬೇಡ ಎನ್ನುವುದು ತಪ್ಪು. ಮೊಕದ್ದಮೆ ವರ್ಷಗಟ್ಟಲೆ ಎಳೆಯಬಹುದು, ಊರಿನಲ್ಲಿ ಹಸಿದ ಮಕ್ಕಳು ಅಷ್ಟು ಕಾಯಲಾರರು. ಲೆಕ್ಕ ತಿಳಿದು, ಗಾಯ ಮಾಗಿ ಅಂಗವೈಕಲ್ಯದ ಪ್ರಮಾಣಪತ್ರ ಕೈಗೆ ಬಂದ ಮೇಲೆ, ಅಧಿಕಾರಿಯ ಮುಂದೆ ಮಾಡಿಕೊಳ್ಳುವ ರಾಜಿ ಎಷ್ಟೋ ಸಲ ಒಳ್ಳೆಯದೇ. ಐದೂವರೆ ಲಕ್ಷ ಸಲ್ಲಬೇಕೆಂದು ಬಲ್ಲವನು ಐದಕ್ಕೆ ಒಪ್ಪಿದರೆ ಅದು ರಾಜಿ. ಏನೂ ತಿಳಿಯದವನು ಐವತ್ತು ಸಾವಿರಕ್ಕೆ ಹೆಬ್ಬೆಟ್ಟು ಒತ್ತಿದರೆ ಅದನ್ನು ರಾಜಿ ಎನ್ನಲಾದೀತೇ?

ಮಾಲಕರೂ ಕನ್ನಡಿಗರೇ ಆದಾಗ

ಇಲ್ಲಿ ಒಂದು ಮಾತು ಕೆಲವರಿಗೆ ರುಚಿಸದಿರಬಹುದು. ಸಂಘಗಳ ಸದಸ್ಯರಲ್ಲಿ, ಪದಾಧಿಕಾರಿಗಳಲ್ಲಿ ಮಾಲಕರೂ ಇದ್ದಾರೆ. ಸೂರತ್, ವಡೋದರಾ, ಅಹ್ಮದಾಬಾದಿನಲ್ಲಿ ಹೋಟೆಲು ನಡೆಸಿ ಹೆಸರು ಮಾಡಿದವರ ಶ್ರಮ ನಿಜಕ್ಕೂ ಶ್ಲಾಘನೀಯ. ಆದರೆ ಅಡುಗೆ ಮನೆಯಲ್ಲಿ ಕಾದ ಎಣ್ಣೆ ಮೈಮೇಲೆ ಬಿದ್ದ, ರುಬ್ಬುವ ಯಂತ್ರಕ್ಕೆ ಬೆರಳು ಕೊಟ್ಟ ಹುಡುಗನಿಗೂ ಇದೇ ಲೆಕ್ಕ ಅನ್ವಯವಾಗುತ್ತದೆ. ಅವನು ಊರಿನವನು, ದೂರದ ನೆಂಟನ ಮಗ. ಅವನ ಅಪ್ಪನಿಗೆ ಧಣಿಗಳ ಮುಂದೆ ನಿಂತು ಕೇಳಲು ನಾಲಿಗೆ ಬಾರದು. ಗಾಡಿ ಖರ್ಚು ಕೊಟ್ಟು, "ಹುಷಾರಾದ ಮೇಲೆ ಬಾ ಮಗಾ" ಎಂದು ಬೆನ್ನು ತಟ್ಟಿ ಕಳುಹಿಸಿದರೆ ಎಲ್ಲರೂ ಧಣಿಗಳ ಒಳ್ಳೆಯತನವನ್ನೇ ಕೊಂಡಾಡುತ್ತಾರೆ. ಪ್ರೀತಿ ಸುಳ್ಳಲ್ಲ. ಆದರೆ ಕೊಡಬೇಕಾದ ಬಾಕಿಯನ್ನು ಉಪಕಾರವೆಂಬಂತೆ ಕೊಟ್ಟರೆ ಬಾಕಿ ತೀರುವುದಿಲ್ಲ.

ಇದರಿಂದ ಮಾಲಕರು ಹೆದರಬೇಕಾದ್ದೂ ಇಲ್ಲ. ಇ.ಎಸ್.ಐ. ಕಂತು ತಪ್ಪದೆ ಕಟ್ಟಿದರೆ ಹೊಣೆ ನಿಗಮದ್ದು. ಅದು ಅನ್ವಯಿಸದ ಸಣ್ಣ ಹೋಟೆಲಿಗೆ ವಿಮಾ ಕಂಪೆನಿಗಳ ಕಾರ್ಮಿಕ ಪರಿಹಾರ ಪಾಲಿಸಿ ಸಿಗುತ್ತದೆ. ಕಂತು ಕಟ್ಟಿದವರು ನೆಮ್ಮದಿಯಿಂದ ನಿದ್ದೆ ಮಾಡಬಹುದು, ಕೆಲಸದ ಹುಡುಗನ ಮನೆಯವರೂ ಮಾಡಬಹುದು.

ಸಂಘಗಳು ಮಾಡಬಹುದಾದದ್ದು

2017ರ ತಿದ್ದುಪಡಿಯೊಂದು ಕಾರ್ಮಿಕನಿಗೆ ಪರಿಹಾರದ ಹಕ್ಕನ್ನು ಕೆಲಸಕ್ಕೆ ಸೇರುವಾಗಲೇ ಬರವಣಿಗೆಯಲ್ಲಿ ತಿಳಿಸುವುದು ಮಾಲಕನ ಕರ್ತವ್ಯವೆಂದಿತು. ಭಾಷೆ ಇಂಗ್ಲಿಷ್, ಹಿಂದಿ ಅಥವಾ ಆ ರಾಜ್ಯದ ಭಾಷೆ. ಗುಜರಾತಿನಲ್ಲಿ ಅದು ಕನ್ನಡವಾಗುವಂತಿಲ್ಲ. ಆ ಕೊರತೆಯನ್ನು ತುಂಬುವುದು ಕನ್ನಡ ಸಂಘಗಳ ಕೆಲಸವಲ್ಲದೆ ಮತ್ತಾರದು? ರಾಜ್ಯೋತ್ಸವ, ಯಕ್ಷಗಾನ, ವಿದ್ಯಾರ್ಥಿಗಳಿಗೆ ಪುಸ್ತಕ ವಿತರಣೆ ಎಲ್ಲವೂ ನಡೆಯಲಿ. ಅದೇ ಸಭೆಯಲ್ಲಿ ಒಂದು ಪುಟದ ಕನ್ನಡ ಮಾಹಿತಿ ಪತ್ರ ಹಂಚಿದರೆ ಖರ್ಚು ಎಷ್ಟಾದೀತು?

ಅದರಲ್ಲಿ ಇಷ್ಟಿದ್ದರೆ ಸಾಕು. ಗಾಯವಾದ ದಿನವೇ ಆಸ್ಪತ್ರೆಯ ದಾಖಲೆಯಲ್ಲಿ "ಕೆಲಸದ ಸ್ಥಳದಲ್ಲಿ ಆದ ಗಾಯ" ಎಂದು ಬರೆಸಬೇಕು. ಜೊತೆಗಿದ್ದ ಇಬ್ಬರ ಹೆಸರು ಬರೆದಿಡಬೇಕು. ಗುರುತಿನ ಚೀಟಿ, ಹಾಜರಿ, ಸಂಬಳದ ಪುರಾವೆ, ಬಿಲ್ಲುಗಳನ್ನು ಜೋಪಾನ ಮಾಡಬೇಕು. ಆಸ್ಪತ್ರೆಯಲ್ಲಿ ಇರುವಾಗ ಓದಲು ಬಾರದ ಯಾವ ಕಾಗದಕ್ಕೂ ಸಹಿ ಹಾಕಬಾರದು. ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ವಾಹನ ಅಪಘಾತವಾದರೆ ದಾರಿ ಬೇರೆ, ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಆರು ತಿಂಗಳ ಗಡುವು ಹಾಕಿದ್ದರಿಂದ ಅಲ್ಲಿ ತಡ ಮಾಡಲೇಬಾರದು.

ಹೊರನಾಡಿಗರಿಗೆ ಮುಖ್ಯವಾದ ಸಂಗತಿ ಇನ್ನೊಂದಿದೆ. 1995ರ ತಿದ್ದುಪಡಿಯಿಂದ ಅಪಘಾತವಾದ ಊರಿನಲ್ಲಷ್ಟೇ ಅಲ್ಲ, ಅರ್ಜಿದಾರರು ವಾಸಿಸುವ ಊರಿನಲ್ಲೂ ಪರಿಹಾರದ ಅರ್ಜಿ ಹಾಕಲು ಅವಕಾಶವಾಯಿತು. ಸೂರತ್‌ನಲ್ಲಿ ಮಡಿದವನ ವಿಧವೆ ಗುಜರಾತಿಗೆ ಅಲೆಯದೆ ಕರ್ನಾಟಕದ ತನ್ನ ಜಿಲ್ಲೆಯಲ್ಲೇ, ತನ್ನ ಭಾಷೆಯಲ್ಲೇ ಕೇಳಬಹುದು. ವಕೀಲರ ಶುಲ್ಕಕ್ಕೆ ಅಂಜಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಕೈಗಾರಿಕಾ ಕಾರ್ಮಿಕರಿಗೂ ಮಹಿಳೆಯರಿಗೂ ಜಿಲ್ಲಾ ಪ್ರಾಧಿಕಾರದಿಂದ ಉಚಿತ ಕಾನೂನು ನೆರವು ಸಿಗುತ್ತದೆ.

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನೂ ಮರೆಯಬಾರದು. ವರ್ಷಕ್ಕೆ 20 ರೂ. ಕಂತು, ಅಪಘಾತದಲ್ಲಿ ಸತ್ತರೆ 2 ಲಕ್ಷ, ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಪೂರ್ತಿ ಹೋದರೆ 1 ಲಕ್ಷ. 18ರಿಂದ 70 ವರ್ಷದ, ಬ್ಯಾಂಕ್ ಖಾತೆ ಇರುವ ಯಾರೂ ಸೇರಬಹುದು. ಒಂದು ಚಹಾ ತಿಂಡಿಯ ದುಡ್ಡಿಗೂ ಕಡಿಮೆಯಾದ ಈ ಕಂತನ್ನು ಎಷ್ಟೋ ಖಾತೆಗಳಲ್ಲಿ ಯಾರೂ ಹೇಳಿಕೊಡದ ಕಾರಣಕ್ಕೇ ಕಟ್ಟುತ್ತಿಲ್ಲ. ಇದು ಮಾಲಕ ಕೊಡುವ ಪರಿಹಾರದಿಂದ ಬೇರೆ.

ಪ್ರತಿ ಸಂಘದಲ್ಲಿ ಗುಜರಾತಿ ಓದಬಲ್ಲ, ಲೆಕ್ಕ ಬಲ್ಲ ಇಬ್ಬರು ಈ ಕೆಲಸಕ್ಕೆ ಮುಂದೆ ಬಂದರೂ ಸಾಕು. ಸುದ್ದಿ ತಿಳಿದ ದಿನ ಅವರು ಆಸ್ಪತ್ರೆಗೆ ಹೋಗಬೇಕು. ಹಣ್ಣು ಹಂಪಲಿನ ಜೊತೆಗೆ ಒಂದು ಪೆನ್ನು, ಒಂದು ಪುಸ್ತಕ ಒಯ್ದು ಹಾಸಿಗೆಯ ಪಕ್ಕ ಕುಳಿತು ಎಲ್ಲವನ್ನೂ ಬರೆದುಕೊಳ್ಳಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಪ್ರಯೋಜನವಿಲ್ಲ. ಛಾಪಾ ಕಾಗದ ಬರುವುದು ಮೂರನೇ ದಿನ. ಸಂಘದವರು ಎರಡನೇ ದಿನವೇ ಅಲ್ಲಿರಬೇಕು.